ಎಂಜಿನ್ ಏರಿಸಿದ ಮೇಲೆ ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ಅರ್ತ್ ವೈರ್ ನೋಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾಹನ ಪುಟಗಳಲ್ಲಿ ಹೊಸ ಕಾರುಗಳ ಬಣ್ಣ, ಮೈಲೇಜು, ಪರದೆಯ ಅಗಲ ಎಲ್ಲ ಬರುತ್ತದೆ. ಬಿಚ್ಚಿ ಕಟ್ಟಿದ ಕಾರು ಯಾಕೆ ಹೊರಡುವುದಿಲ್ಲ ಎನ್ನುವುದು ಮಾತ್ರ ಅಪ್ಪಿತಪ್ಪಿಯೂ ಬರುವುದಿಲ್ಲ. ಕ್ಲಚ್ ಪ್ಲೇಟಿಗೋ ಆಯಿಲ್ ಸೀಲಿಗೋ ಪಿಸ್ಟನ್ ರಿಂಗಿಗೋ ಎಂಜಿನ್ ಇಳಿಸಿರುತ್ತಾರೆ. ಕೆಲಸ ಮುಗಿಸಿ, ಮತ್ತೆ ಏರಿಸಿ, ಕೀ ತಿರುಗಿಸಿದರೆ ಕಾರು ಮಾತಾಡುವುದಿಲ್ಲ. ಆಗ ಕೇಳಿಬರುವ ಮೊದಲ ಮಾತು ‘ಇಸಿಎಂ ಹೋಗಿರಬೇಕು’ (ಎಂಜಿನ್ನನ್ನು ನಡೆಸುವ ಕಂಪ್ಯೂಟರಿಗೆ ಇಸಿಎಂ ಎನ್ನುತ್ತಾರೆ), ಎರಡನೆಯದು ‘ಪಂಪ್ ಬದಲಿಸಿ ನೋಡೋಣ’. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಪದ್ಧತಿಯ ಬಗ್ಗೆಯೇ ಈ ಪತ್ರ.

ಇಳಿಸುವ ಹಿಂದಿನ ದಿನದವರೆಗೂ ಓಡುತ್ತಿದ್ದ ಕಾರಿನ ಇಸಿಎಂ, ಶೀಟಿನ ಮೇಲೆ ಎಂಜಿನ್ ಬಿಚ್ಚಿಟ್ಟ ಮಾತ್ರಕ್ಕೆ ಕೆಡುವುದಿಲ್ಲ. ಟ್ಯಾಂಕಿನೊಳಗೆ ಮುಳುಗಿ ಕೂತ ಪೆಟ್ರೋಲ್ ಪಂಪನ್ನು ಯಾರೂ ಮುಟ್ಟಿಯೇ ಇಲ್ಲ. ಕೈ ಮುಟ್ಟಿದ್ದು ವೈರು ಜೋಡಿಸುವ ಕಪ್ಲರ್‌ಗಳನ್ನು, ಪೈಪುಗಳನ್ನು, ಕರೆಂಟು ಬ್ಯಾಟರಿಗೆ ಮರಳುವ ಅರ್ತ್ ವೈರುಗಳನ್ನು, ಬೆಲ್ ಹೌಸಿಂಗ್ (ಎಂಜಿನ್ನಿಗೆ ಗೇರ್‌ಬಾಕ್ಸ್ ಸೇರುವ ಕವಚ) ಸುತ್ತಲಿನ ಬೋಲ್ಟುಗಳನ್ನು. ಹಾಗಾಗಿ ಹುಡುಕಾಟವೂ ಅಲ್ಲಿಂದಲೇ ಶುರುವಾಗಬೇಕು. ಬಹಳ ಸಲ ಅಲ್ಲೇ ಮುಗಿದೂ ಹೋಗುತ್ತದೆ.

ಮೊದಲು ಒಂದು ವಿಷಯ ಬೇರ್ಪಡಿಸಿಕೊಳ್ಳಬೇಕು. ಸೆಲ್ಫ್ (ಸ್ಟಾರ್ಟ್ ಮಾಡುವ ಮೋಟಾರ್) ಎಂಜಿನ್ನನ್ನು ತಿರುಗಿಸುತ್ತಲೇ ಇಲ್ಲವೇ, ಅಥವಾ ಚೆನ್ನಾಗಿ ತಿರುಗಿಸಿಯೂ ಎಂಜಿನ್ ಹತ್ತಿಕೊಳ್ಳುತ್ತಿಲ್ಲವೇ? ಎರಡನ್ನೂ ‘ಸ್ಟಾರ್ಟ್ ಆಗ್ತಿಲ್ಲ’ ಎಂದೇ ಹೇಳುತ್ತೇವೆ. ಒಳಗಿನ ಕಥೆ ಬೇರೆ ಬೇರೆ.

ಎರಡಕ್ಕೂ ಮುಂಚೆ, ಕೀ ಮುಟ್ಟುವ ಮೊದಲೇ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ತುದಿಯ ಪುಲಿಯ ನಡುವಿನ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಪೂರ್ತಿ ಎರಡು ಸುತ್ತು. ಎರಡೇ ಯಾಕೆಂದರೆ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎಲ್ಲ ವಾಲ್ವುಗಳೂ ಒಮ್ಮೆ ತೆರೆದು ಮುಚ್ಚಲು ಕ್ರ್ಯಾಂಕ್ ಎರಡು ಸುತ್ತು ಹಾಕಬೇಕು. ಎಲ್ಲೋ ಒಂದು ಕಡೆ ಗಟ್ಟಿಯಾಗಿ ‘ಟಕ್’ ಎಂದು ನಿಂತರೆ ಬಲ ಹಾಕಬಾರದು. ಕ್ರ್ಯಾಂಕಿಗೂ ವಾಲ್ವುಗಳಿಗೂ ತಾಳ ಕೂಡಿಸುವ ಟೈಮಿಂಗ್ ಬೆಲ್ಟ್ ತಪ್ಪಾಗಿ ಕೂತು ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು. ಕೈಯಲ್ಲಿ ನಿಂತ ಎಂಜಿನ್ನಿಗೆ ಸೆಲ್ಫ್ ಹೊಡೆದರೆ ವಾಲ್ವ್ ಬಗ್ಗುತ್ತದೆ, ಹೆಡ್ ಮತ್ತೆ ಇಳಿಯಬೇಕಾಗುತ್ತದೆ. ಪ್ಲಗ್ ತೂತಿನಿಂದ ಕೂಲೆಂಟೋ ಆಯಿಲ್ಲೋ ಚಿಮ್ಮಿದರೆ ಸಿಲಿಂಡರಿನಲ್ಲಿ ದ್ರವ ನಿಂತಿತ್ತು ಎಂದರ್ಥ. ಪ್ಲಗ್ ಹಾಕಿಕೊಂಡೇ ಸೆಲ್ಫ್ ಕೊಟ್ಟಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತಿತ್ತು, ಏಕೆಂದರೆ ದ್ರವವನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕಾರಾದರೆ ಕೈಯಿಂದ ತಿರುಗಿಸುವ ಈ ಪರೀಕ್ಷೆ ಇನ್ನೂ ಮುಖ್ಯ. ಕ್ಲಚ್ಚಿನ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನೊಳಗೆ ಒಂದೇ ಏಟಿಗೆ ಕೂರುವುದಿಲ್ಲ. ತಿರುಗಿಸುತ್ತಾ ಒಳಕ್ಕೆ ಒತ್ತಿದಾಗ ಎರಡು ಅಥವಾ ಮೂರು ಸಲ ‘ಕಟಕ್’ ಎಂದು ಒಳಸರಿಯುತ್ತದೆ. ಕೊನೆಯ ಕಟಕ್ ಆಯಿಲ್ ಪಂಪಿನ ಹಲ್ಲುಗಳದು. ಅದು ಬೀಳದೆ ಬೆಲ್ ಹೌಸಿಂಗನ್ನು ಬೋಲ್ಟ್ ಬಿಗಿದು ಎಳೆದು ಕೂಡಿಸಿದರೆ ಪಂಪ್ ಒಡೆಯುತ್ತದೆ, ಎಂಜಿನ್ ಕಚ್ಚಿಕೊಳ್ಳುತ್ತದೆ. ಬೆಲ್ ಹೌಸಿಂಗ್ ಮತ್ತು ಬ್ಲಾಕು ಬೋಲ್ಟಿನ ಬಲವಿಲ್ಲದೆ, ಬರೀ ಕೈ ಒತ್ತಿನಿಂದ ಅಂಟಬೇಕು. ಅಂಟಿದ ಮೇಲೂ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು, ಅದಕ್ಕೂ ಎಂಜಿನ್ ಬದಿಯ ಫ್ಲೆಕ್ಸ್ ಪ್ಲೇಟಿಗೂ ನಡುವೆ ಕೆಲವು ಮಿಲಿಮೀಟರ್ ಸಂದು ಉಳಿದಿರಬೇಕು. ಸಂದಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಗೇರ್‌ಬಾಕ್ಸ್ ಹಿಂದಕ್ಕೆ ಸರಿಸಬೇಕು. ಬೇರೆ ದಾರಿಯಿಲ್ಲ.

ಇನ್ನು ಸೆಲ್ಫ್ ತಿರುಗಿಸದಿರುವ ಕಾರು. ವಾರಗಟ್ಟಲೆ ನಿಂತ ಬ್ಯಾಟರಿಯನ್ನು ಮೀಟರಿನಲ್ಲಿ ಅಳೆಯಿರಿ. ತುಂಬಿದ ಬ್ಯಾಟರಿ ಏನೂ ಓಡದೆ ಇರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕದೆ ಮುಂದಿನ ಮಾತೇ ಬೇಡ. ಸೆಲ್ಫ್ ಕೊಟ್ಟಾಗ ವೋಲ್ಟೇಜು 9.6ಕ್ಕಿಂತ ಕೆಳಗೆ ಬಿದ್ದರೂ ಬ್ಯಾಟರಿಯನ್ನೇ ಮೊದಲು ಅನುಮಾನಿಸಬೇಕು.

ಬ್ಯಾಟರಿ ಸರಿಯಿದ್ದು ‘ಟಿಕ್’ ಎಂಬ ಒಂದೇ ಸದ್ದು ಬಂದು ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ, ಅಥವಾ ಎಂಜಿನ್ ಜೀವವಿಲ್ಲದಂತೆ ಎಳೆದಾಡಿಕೊಂಡು ತಿರುಗಿದರೆ, ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ ಹುಡುಕಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗುಗಳ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರಿದೆ, ಬಾಡಿಯಿಂದ ಎಂಜಿನ್ನಿಗೆ ಹೆಣೆದ ತಾಮ್ರದ ಒಂದು ಪಟ್ಟಿ ಇರುತ್ತದೆ. ಎಂಜಿನ್ ಇಳಿಸುವಾಗ ಅದರ ಬೋಲ್ಟ್ ಬಿಚ್ಚಿ ಪಕ್ಕಕ್ಕೆ ಮಡಿಸಿರುತ್ತಾರೆ. ಏರಿಸುವಾಗ ಅದು ಗೇರ್‌ಬಾಕ್ಸಿನ ಹಿಂದೆ ಬಿದ್ದು ಕಣ್ಣಿಗೆ ಮರೆಯಾಗುತ್ತದೆ. ಹಾಕಿದ್ದರೂ, ಹೊಸದಾಗಿ ಪೇಂಟ್ ಹೊಡೆದ ಬ್ಲಾಕಿನ ಮೇಲೆ ಹಾಕಿದ್ದರೆ ಹಾಕದಂತೆಯೇ. ಪೇಂಟಿನ ಪದರ ಕರೆಂಟನ್ನು ತಡೆಯುತ್ತದೆ.

ಪಟ್ಟಿ ಇಲ್ಲದಿದ್ದರೂ ಸೆಲ್ಫ್ ಒಮ್ಮೊಮ್ಮೆ ಅರೆಬರೆ ತಿರುಗುವುದುಂಟು, ಅದೇ ದಾರಿ ತಪ್ಪಿಸುವುದು. ಕರೆಂಟು ಸುಮ್ಮನಿರುವುದಿಲ್ಲ. ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಗೇರ್ ಕೇಬಲ್, ಸಿಕ್ಕ ಲೋಹದ ದಾರಿ ಹಿಡಿದು ಹೋಗುತ್ತದೆ. ಸೆಲ್ಫ್ ಕೊಟ್ಟಾಗ ಕೇಬಲ್ ಬಿಸಿಯಾಗುವುದು, ಹೊಗೆ ಬರುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುವುದು ಕಂಡರೆ ಬೇರೆ ಪರೀಕ್ಷೆ ಬೇಡ.

ಇಲ್ಲಿ ಮೀಟರಿನ ಬಜರ್ (ವೈರು ಕೂಡಿದೆಯೇ ಎಂದು ಸದ್ದಿನಿಂದ ತಿಳಿಸುವುದು) ಹಾಕಿ ‘ಬೀಪ್ ಬರ್ತಿದೆ, ಅರ್ತ್ ಸರಿಯಿದೆ’ ಎನ್ನುವವರಿಗೆ ಒಂದು ಮಾತು. ನೂರು ಎಳೆಯ ಕೇಬಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬಜರ್ ಕೂಗುತ್ತದೆ. ಸೆಲ್ಫ್ ಮೋಟಾರ್ ಎಳೆಯುವುದು 150 ಆಂಪಿಯರ್ ಆಸುಪಾಸಿನಲ್ಲಿ, ದೊಡ್ಡ ಡೀಸೆಲ್‌ನಲ್ಲಿ ಇನ್ನೂ ಹೆಚ್ಚು. ಜೋಡಣೆಯಲ್ಲಿ ಬರೀ 0.02 ಓಮ್ ತಡೆಯಿದ್ದರೂ 150 ಆಂಪಿಯರಿಗೆ 3 ವೋಲ್ಟ್ ಅಲ್ಲೇ ನುಂಗಿಹೋಗುತ್ತದೆ. ಸಾಧಾರಣ ಮೀಟರಿಗೆ 0.02 ಓಮ್ ಕಾಣುವುದೇ ಇಲ್ಲ. ಆದ್ದರಿಂದ ಅಳೆಯಬೇಕಾದದ್ದು ಭಾರ ಬಿದ್ದಾಗ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ), ಇನ್ನೊಂದು ತುದಿ ಬ್ಲಾಕಿನ ಬರಿ ಲೋಹಕ್ಕೆ ಒತ್ತಿ, ಇನ್ನೊಬ್ಬರಿಂದ ಸೆಲ್ಫ್ ಕೊಡಿಸಿ. 0.2 ವೋಲ್ಟಿನೊಳಗೆ ಬಂದರೆ ಅರ್ತ್ ಚೆನ್ನಾಗಿದೆ. 0.5 ದಾಟಿದರೆ ಕೆಟ್ಟಿದೆ. ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ನಟ್ಟಿನವರೆಗೂ ಹೀಗೆಯೇ ಅಳೆದರೆ 0.5ರೊಳಗೆ ಇರಬೇಕು. ಇದಕ್ಕೂ ಸುಲಭದ ದಾರಿ ಬೇಕೆಂದರೆ, ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ನೇರವಾಗಿ ಎಂಜಿನ್ನಿನ ಯಾವುದಾದರೂ ಗಟ್ಟಿ ಕಬ್ಬಿಣಕ್ಕೆ ಕಚ್ಚಿಸಿ ಸೆಲ್ಫ್ ಕೊಡಿ. ತಿರುಗಿತೆಂದರೆ ರೋಗ ಸಿಕ್ಕಿತು.

ಸದ್ದೇ ಇಲ್ಲದಿದ್ದರೆ ಸೆಲ್ಫ್ ಮೋಟಾರಿನ ಸಣ್ಣ ವೈರ್ ನೋಡಬೇಕು. ಕೀಯನ್ನು ಸ್ಟಾರ್ಟಿಗೆ ತಿರುಗಿಸಿದಾಗ ಅದಕ್ಕೆ ಬ್ಯಾಟರಿಗೆ ಹತ್ತಿರದ ವೋಲ್ಟೇಜು ಬರಬೇಕು. ಬಂದರೆ ತಪ್ಪು ಸೆಲ್ಫ್ ಅಥವಾ ಅದರ ಅರ್ತಿನಲ್ಲಿ. ಬರದಿದ್ದರೆ ಫ್ಯೂಸ್, ರಿಲೇ (ಕರೆಂಟಿನಿಂದಲೇ ಕೆಲಸ ಮಾಡುವ ಸ್ವಿಚ್ಚು), ಕ್ಲಚ್ ಪೆಡಲಿನ ಸ್ವಿಚ್ಚು, ಆಟೊಮ್ಯಾಟಿಕ್‌ನಲ್ಲಿ ಗೇರ್‌ಬಾಕ್ಸಿನ ಪಕ್ಕದ ಪಾರ್ಕ್-ನ್ಯೂಟ್ರಲ್ ಸ್ವಿಚ್ಚಿನ ಕಪ್ಲರ್. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಸೆಲ್ಫ್ ಬರೀ ಕಿರ್ರೆಂದು ಹಲ್ಲು ಉಜ್ಜಿದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ತೆಳು ತಗಡಿನ ಪ್ಲೇಟು ಕೆಳಗೆ ಉಳಿದಿದೆಯೇ ನೋಡಿ. ಅದು ಧೂಳು ತಡೆಯಲು ಮಾತ್ರ ಎಂದು ಕೆಲವರು ಬಿಸಾಡುತ್ತಾರೆ. ಸೆಲ್ಫಿನ ಹಲ್ಲಿಗೂ ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲಿನ ಹಲ್ಲಿಗೂ ಇರಬೇಕಾದ ಅಂತರವನ್ನು ಹಲವು ಕಾರುಗಳಲ್ಲಿ ಆ ತಗಡೇ ಕಾಯುತ್ತದೆ.

ಸೆಲ್ಫ್ ಚುರುಕಾಗಿ ತಿರುಗಿಸುತ್ತಿದೆ, ಎಂಜಿನ್ ಮಾತ್ರ ಹತ್ತುತ್ತಿಲ್ಲ ಎನ್ನುವ ಕಾರುಗಳೇ ಗ್ಯಾರೇಜಿನಲ್ಲಿ ದಿನಗಟ್ಟಲೆ ಕೊಳೆಯುವುದು. ಎಂಜಿನ್ ಹತ್ತಲು ಬೇಕಾದದ್ದು ಪೆಟ್ರೋಲ್, ಕಿಡಿ, ಗಾಳಿ, ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತಿ ಕುಗ್ಗುವುದು), ಇವೆಲ್ಲ ಸರಿಯಾದ ಹೊತ್ತಿಗೆ. ಇದು ಎಲ್ಲರಿಗೂ ಗೊತ್ತು. ಆದರೆ ಇಂಜೆಕ್ಷನ್ ಕಾರುಗಳಲ್ಲಿ ಮೊದಲ ಎರಡನ್ನೂ ಅಪ್ಪಣೆ ಕೊಟ್ಟು ನಡೆಸುವುದು ಇಸಿಎಂ, ಇಸಿಎಂ ಅಪ್ಪಣೆ ಕೊಡುವುದು ಎಂಜಿನ್ ತಿರುಗುತ್ತಿದೆ ಎಂದು ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಮಾತು ಕೇಳಿ. ಈ ಸರಪಳಿ ಮನಸ್ಸಿನಲ್ಲಿದ್ದರೆ ಅರ್ಧ ಕೆಲಸ ಆದಂತೆ.

ಕೀ ಆನ್ ಮಾಡಿ ಸ್ಟಾರ್ಟ್ ಕೊಡದೆ ಚೆಕ್ ಎಂಜಿನ್ ದೀಪ ನೋಡಿ. ಅದು ಹತ್ತಬೇಕು. ಹತ್ತದಿದ್ದರೆ, ಸ್ಕ್ಯಾನರ್ (ಇಸಿಎಂ ಹೇಳುವುದನ್ನು ಓದುವ ಸಾಧನ) ಹಾಕಿದರೂ ಇಸಿಎಂ ಉತ್ತರ ಕೊಡದಿದ್ದರೆ, ಬಹುಪಾಲು ಇಸಿಎಂಗೆ ಕರೆಂಟೇ ಹೋಗುತ್ತಿಲ್ಲ. ಮೇನ್ ರಿಲೇ, ಅದರ ಫ್ಯೂಸು, ಮತ್ತೆ ಅರ್ತು. ಇಲ್ಲಿನ ಅರ್ತು ದಪ್ಪ ಪಟ್ಟಿಯಲ್ಲ. ವೈರಿಂಗಿನಿಂದ ಕವಲೊಡೆದ ಒಂದೆರಡು ಸಣ್ಣ ಕಪ್ಪು ವೈರುಗಳ ಉಂಗುರ, ಇಂಟೇಕ್ ಮ್ಯಾನಿಫೋಲ್ಡಿನ ಅಥವಾ ಗೇರ್‌ಬಾಕ್ಸಿನ ಬೋಲ್ಟಿನಡಿ ಕೂರುವಂಥದ್ದು. ಎಂಜಿನ್ ಏರಿಸಿದವರು ಬೋಲ್ಟ್ ಬಿಗಿದಿರುತ್ತಾರೆ, ಉಂಗುರ ಹೊರಗೇ ಉಳಿದಿರುತ್ತದೆ. ಎಲ್ಲಿಗೂ ಸೇರದ ಉಂಗುರವೊಂದು ವೈರಿಂಗಿನ ಹೊಟ್ಟೆಯಲ್ಲಿ ಸಿಕ್ಕರೆ ಅದನ್ನು ‘ಎಕ್ಸ್‌ಟ್ರಾ’ ಎಂದು ಟೇಪ್ ಸುತ್ತಿ ಬಚ್ಚಿಡಬೇಡಿ. ಕಂಪನಿಯವರು ಅರ್ತ್ ಉಂಗುರವನ್ನು ಸುಮ್ಮನೆ ಹಾಕುವುದಿಲ್ಲ.

ದೀಪ ಹತ್ತುವುದಿಲ್ಲ, ಮೇನ್ ರಿಲೇ ಸರಿಯಿದೆ, ಅರ್ತೂ ಸರಿಯಿದೆ ಎಂದಾದರೆ ಇನ್ನೊಂದು ಸಾಧ್ಯತೆ. ಸೆನ್ಸರುಗಳಿಗೆ ಇಸಿಎಂ ಕಳಿಸುವ 5 ವೋಲ್ಟಿನ ವೈರು ಬ್ಲಾಕಿಗೂ ಬೆಲ್ ಹೌಸಿಂಗಿಗೂ ನಡುವೆ ಸಿಕ್ಕಿ ಚಚ್ಚಿಹೋಗಿ ಅರ್ತಾಗಿದ್ದರೆ ಕೆಲವು ಕಾರುಗಳಲ್ಲಿ ಇಸಿಎಂ ಪೂರ್ತಿ ಸತ್ತಂತೆ ಕಾಣುತ್ತದೆ. ಸೆನ್ಸರುಗಳ ಕಪ್ಲರುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಿ 5 ವೋಲ್ಟ್ ಮರಳಿ ಬರುತ್ತದೆಯೇ ನೋಡಬೇಕು. ಒಂದನ್ನು ಬಿಡಿಸಿದಾಗ ಬಂದರೆ ಆ ಸೆನ್ಸರಿನದೇ ದೋಷ. ಎಲ್ಲ ಬಿಡಿಸಿದರೂ ಬರದಿದ್ದರೆ ವೈರೇ ಎಲ್ಲೋ ಜಜ್ಜಿದೆ.

ದೀಪ ಹತ್ತಿತು ಎಂದಿಟ್ಟುಕೊಳ್ಳೋಣ. ಸ್ಕ್ಯಾನರಿನಲ್ಲಿ ಲೈವ್ ಡೇಟಾ (ಆ ಕ್ಷಣದ ಅಳತೆಗಳು) ತೆರೆದು ಸೆಲ್ಫ್ ಕೊಡಿ, ಆರ್‌ಪಿಎಂ ಎಷ್ಟು ತೋರುತ್ತದೆ ನೋಡಿ. 200 ಆಸುಪಾಸು ತೋರಬೇಕು. ಎಂಜಿನ್ ಗಿರಗಿರ ತಿರುಗುತ್ತಿದ್ದರೂ ಅಲ್ಲಿ ಸೊನ್ನೆಯೇ ಇದ್ದರೆ ಕ್ರ್ಯಾಂಕ್ ಸೆನ್ಸರಿನ ಸುದ್ದಿ ಇಸಿಎಂಗೆ ತಲುಪುತ್ತಿಲ್ಲ. ತಲುಪದಿದ್ದರೆ ಕಿಡಿಯಿಲ್ಲ, ಇಂಜೆಕ್ಟರಿನ ಮಿಡಿತವಿಲ್ಲ. ಕೀ ಆನ್ ಮಾಡಿದಾಗ ಎರಡು ಸೆಕೆಂಡು ಓಡಿದ ಪೆಟ್ರೋಲ್ ಪಂಪ್ ಕೂಡ ಸೆಲ್ಫ್ ಕೊಟ್ಟಾಗ ಓಡುವುದಿಲ್ಲ. ಎಂಜಿನ್ ತಿರುಗುತ್ತಿಲ್ಲ ಎಂದೇ ಇಸಿಎಂ ನಂಬಿದೆ, ಅಪಘಾತವಾದಾಗ ಪೆಟ್ರೋಲ್ ಚೆಲ್ಲಬಾರದೆಂದು ಪಂಪ್ ನಿಲ್ಲಿಸುವ ಬುದ್ಧಿ ಅದಕ್ಕಿದೆ. ಇದನ್ನರಿಯದವರು ಪಂಪ್ ಬದಲಿಸುತ್ತಾರೆ, ಕಿಡಿ ಹುಟ್ಟಿಸುವ ಕಾಯಿಲ್ ಬದಲಿಸುತ್ತಾರೆ, ಇಂಜೆಕ್ಟರ್ ತೊಳೆಸುತ್ತಾರೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು. ಮೂರು ಕೆಲಸ ಒಟ್ಟಿಗೆ ನಿಂತರೆ ಮೂರು ಭಾಗ ಒಟ್ಟಿಗೆ ಕೆಟ್ಟಿರುವುದಿಲ್ಲ. ಮೂರಕ್ಕೂ ಮೂಲವಾದ ಒಂದು ಕೆಟ್ಟಿದೆ, ಅಥವಾ ಅದರ ಕಪ್ಲರ್ ನೇತಾಡುತ್ತಿದೆ.

ಈ ಸೆನ್ಸರ್ ಅನೇಕ ಎಂಜಿನ್ನುಗಳಲ್ಲಿ ಬೆಲ್ ಹೌಸಿಂಗಿನಲ್ಲೇ, ಫ್ಲೈವೀಲಿನ ಹಲ್ಲುಗಳಿಗೆ ಮೂಗು ತಾಗಿಸಿದಂತೆ ಕೂತಿರುತ್ತದೆ. ಸೆನ್ಸರ್ ಬಿಚ್ಚದೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಬೇರ್ಪಡಿಸಿದರೆ ಅಥವಾ ಕೂಡಿಸಿದರೆ ಅದರ ತುದಿ ಜಜ್ಜಿಹೋಗುವುದು ಸಾಮಾನ್ಯ. ಬಿಚ್ಚಿ ತುದಿ ನೋಡಿ. ಗೀರು, ಬಿರುಕು, ಅಂಟಿದ ಕಬ್ಬಿಣದ ಪುಡಿ ಕಾಣುತ್ತದೆ. ತುದಿಗೂ ಹಲ್ಲಿಗೂ ಅಂತರ ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಮಿಲಿಮೀಟರ್. ಕೆಳಗಿನ ವಾಷರ್ ಒಂದು ಹೆಚ್ಚಾದರೂ ಕಮ್ಮಿಯಾದರೂ ತೊಂದರೆ. ಎರಡು ವೈರಿನ ಮ್ಯಾಗ್ನೆಟ್ ಬಗೆಯದಾದರೆ ಸೆಲ್ಫ್ ಕೊಟ್ಟಾಗ ಎಸಿ ವೋಲ್ಟಿನಲ್ಲಿ ಮೀಟರ್ ಅಲ್ಲಾಡಬೇಕು, ಸಾಮಾನ್ಯವಾಗಿ ಅರ್ಧ ವೋಲ್ಟಾದರೂ ಬರುತ್ತದೆ. ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಮೂರು ವೈರಿನ ‘ಹಾಲ್’ (Hall) ಬಗೆಯದಕ್ಕೆ ಓಮ್ ಅಳೆಯುವುದು ವ್ಯರ್ಥ. ಅದಕ್ಕೆ ಬರಬೇಕಾದ 5 ಅಥವಾ 12 ವೋಲ್ಟ್ ಬಂದಿದೆಯೇ, ಅರ್ತ್ ಇದೆಯೇ, ಪುಲಿ ತಿರುಗಿಸಿದಾಗ ಸಿಗ್ನಲ್ ವೈರು ಮೇಲೆ ಕೆಳಗೆ ಹಾರುತ್ತದೆಯೇ, ಇಷ್ಟೇ ನೋಡಬೇಕಾದದ್ದು.

ಇನ್ನೊಂದು ಸೂಕ್ಷ್ಮ. ಹಲವು ಕಾರುಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಎಣಿಸುವ ಚಕ್ರಕ್ಕೆ 60 ಹಲ್ಲಿನ ಜಾಗದಲ್ಲಿ 58 ಮಾತ್ರ. ಬಿಟ್ಟ ಎರಡು ಹಲ್ಲಿನ ಖಾಲಿಯೇ ಪಿಸ್ಟನ್ ಎಲ್ಲಿದೆ ಎಂದು ಇಸಿಎಂಗೆ ಹೇಳುವ ಗುರುತು. ಈ ಚಕ್ರ ಫ್ಲೈವೀಲಿನ ಮೇಲಿದ್ದು, ಫ್ಲೈವೀಲ್ ಒಂದು ಬೋಲ್ಟಿನಷ್ಟು ತಿರುಗಿ ಕೂತರೆ ಗುರುತೇ ಜಾಗ ಬಿಡುತ್ತದೆ. ಆಗ ಆರ್‌ಪಿಎಂ ಸರಿಯಾಗಿ ತೋರುತ್ತದೆ, ಕಿಡಿಯೂ ಬರುತ್ತದೆ, ಪೆಟ್ರೋಲೂ ಬರುತ್ತದೆ, ಎಂಜಿನ್ ಮಾತ್ರ ಕೆಮ್ಮುತ್ತದೆ, ಹಿಂದಕ್ಕೆ ಒದೆಯುತ್ತದೆ. ಬಹುಪಾಲು ಫ್ಲೈವೀಲುಗಳಲ್ಲಿ ಒಂದು ತೂತು ಸ್ವಲ್ಪ ಸರಿದಿದ್ದು ತಪ್ಪು ಕೂರಲು ಬಿಡುವುದಿಲ್ಲ. ಎಲ್ಲದರಲ್ಲೂ ಹಾಗಿಲ್ಲ. ಬಿಚ್ಚುವಾಗ ಪಂಚಿನಿಂದ ಒಂದು ಚುಕ್ಕೆ ಹೊಡೆದುಕೊಳ್ಳಲು ಅರ್ಧ ನಿಮಿಷ ಸಾಕು.

ಕಪ್ಲರುಗಳ ಅದಲುಬದಲು ಇನ್ನೊಂದು ತಲೆನೋವು. ಕ್ಯಾಮ್ (ವಾಲ್ವು ತೆರೆಯುವ ದಂಡ) ಸೆನ್ಸರಿಗೂ ಕ್ರ್ಯಾಂಕ್ ಸೆನ್ಸರಿಗೂ ಒಂದೇ ಅಚ್ಚಿನ ಕಪ್ಲರ್ ಇರುವ ಎಂಜಿನ್ನುಗಳಿವೆ. ಇಂಜೆಕ್ಟರುಗಳ, ಕಾಯಿಲುಗಳ ಕಪ್ಲರುಗಳಂತೂ ಎಲ್ಲ ಒಂದೇ ತರ. ಗುರುತು ಹಾಕದೆ ಬಿಚ್ಚಿದ್ದರೆ ವೈರಿಂಗ್ ತಾನಾಗಿ ಬಾಗುವ ದಿಕ್ಕು ನೋಡಿ. ವರ್ಷಗಟ್ಟಲೆ ಬಿಸಿಯುಂಡ ವೈರು ತನ್ನ ಹಳೆಯ ಜಾಗಕ್ಕೇ ಬಾಗಿ ನಿಂತಿರುತ್ತದೆ. ಎಳೆದು ಹಿಗ್ಗಿಸಿ ಹಾಕಬೇಕಾದ ಕಪ್ಲರ್ ಸಾಮಾನ್ಯವಾಗಿ ತಪ್ಪು ಕಪ್ಲರ್. ಕೂಲೆಂಟ್ ಸೆನ್ಸರಿನ ಕಪ್ಲರ್ ಬಿಟ್ಟುಹೋಗಿದ್ದರೆ ಸ್ಕ್ಯಾನರಿನಲ್ಲಿ ಎಂಜಿನ್ನಿನ ಶಾಖ ಮೈನಸ್ 40 ಡಿಗ್ರಿ ತೋರುತ್ತದೆ. ಹಿಮದಲ್ಲಿ ಹೂತ ಎಂಜಿನ್ ಎಂದು ನಂಬಿ ಇಸಿಎಂ ಪೆಟ್ರೋಲ್ ಸುರಿಯುತ್ತದೆ, ಪ್ಲಗ್ ತೊಯ್ದು ಕೂರುತ್ತದೆ. ಲೈವ್ ಡೇಟಾದಲ್ಲಿ ನಂಬಲಾಗದ ಸಂಖ್ಯೆ ಕಂಡರೆ ಅದೇ ಸುಳಿವು.

ಕಿಡಿ ನೋಡಲು ಪ್ಲಗ್ ಹಿಡಿದು ಬ್ಲಾಕಿಗೆ ತಾಗಿಸುವ ಹಳೆಯ ಪದ್ಧತಿ ಬಿಡಿ. ಅರ್ತ್ ಕ್ಲಿಪ್ ಇರುವ ಸ್ಪಾರ್ಕ್ ಟೆಸ್ಟರ್ ಬಳಸಿ. ಬಿಟ್ಟ ಗಾಳಿಯಲ್ಲಿ ಕಿಡಿ ಹಾರಿಸಿದರೆ ಪ್ಲಗ್ ಮೇಲೆ ಕೂರುವ ಕಾಯಿಲುಗಳು ಸುಡಬಹುದು, ಪಕ್ಕದಲ್ಲೇ ಪೆಟ್ರೋಲ್ ಆವಿ ಇದ್ದರೆ ಬೆಂಕಿಯೂ ಹೊತ್ತಬಹುದು. ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಎಂಜಿನ್ನುಗಳ ತಪ್ಪಂತೂ ಎಲ್ಲ ಕಾಲಕ್ಕೂ ಒಂದೇ. ಒಂದನೇ ಪಿಸ್ಟನ್ ಮೇಲೆ ಬಂದಿದೆ ಎಂದು ಪುಲಿ ಗುರುತು ನೋಡಿ ಡಿಸ್ಟ್ರಿಬ್ಯೂಟರ್ ಕೂರಿಸುತ್ತಾರೆ. ಆದರೆ ಪಿಸ್ಟನ್ ಮೇಲೆ ಬರುವುದು ಎರಡು ಸಲ, ಒಮ್ಮೆ ಕಂಪ್ರೆಷನ್ನಿನ ಕೊನೆಗೆ, ಇನ್ನೊಮ್ಮೆ ಹೊಗೆ ಹೊರಹಾಕುವ ಕೊನೆಗೆ. ಪುಲಿಯ ಗುರುತಿಗೆ ಎರಡೂ ಒಂದೇ. ಎರಡನೆಯದರಲ್ಲಿ ಕೂರಿಸಿದರೆ ಕಿಡಿ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತು ತಪ್ಪಿ ಬೀಳುತ್ತದೆ, ಕಾರ್ಬುರೇಟರಿನಿಂದ ಢಬ್ ಎಂದು ಬೆಂಕಿ ಉಗುಳುತ್ತದೆ. ಒಂದನೇ ಪ್ಲಗ್ ತೂತಿಗೆ ಬೆರಳು ಒತ್ತಿ ಪುಲಿ ತಿರುಗಿಸಿ. ಗಾಳಿ ಬೆರಳನ್ನು ತಳ್ಳುತ್ತಾ ಗುರುತಿಗೆ ಬಂದರೆ ಅದೇ ಕಂಪ್ರೆಷನ್. ಆಗ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಒಂದನೇ ವೈರಿನ ಕಡೆ ಮುಖ ಮಾಡಿರಬೇಕು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, ನಾಲ್ಕು ಸಿಲಿಂಡರಿನ ಹೆಚ್ಚಿನ ಎಂಜಿನ್ನುಗಳಲ್ಲಿ 1-3-4-2, ಕೆಲವುಗಳಲ್ಲಿ 1-2-4-3. ರೋಟರ್ ಯಾವ ದಿಕ್ಕಿಗೆ ತಿರುಗುತ್ತದೆ ಎಂದು ನೋಡಿಕೊಂಡೇ ವೈರುಗಳನ್ನು ಎಣಿಸಬೇಕು.

ಪೆಟ್ರೋಲಿನ ಕಡೆ ಬಂದರೆ, ಪಂಪಿನ ಸದ್ದು ಕೇಳದಿದ್ದಾಗ ಮೊದಲು ಫ್ಯೂಸ್ ಬಾಕ್ಸ್ ತೆರೆಯಿರಿ. ಎಂಜಿನ್ ಇಳಿಸುವ ಮುನ್ನ ಪೈಪಿನ ಒತ್ತಡ ಇಳಿಸಲು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವುದು ಸರಿಯಾದ ಕ್ರಮ. ಕಿತ್ತ ಫ್ಯೂಸ್ ಡ್ಯಾಶ್‌ಬೋರ್ಡಿನ ಮೇಲೆಯೋ ಜೇಬಿನಲ್ಲೋ ಉಳಿದುಬಿಡುತ್ತದೆ! ಒತ್ತಡವನ್ನು ಗೇಜಿನಲ್ಲಿ ನೋಡಬೇಕು. ಮ್ಯಾನಿಫೋಲ್ಡಿಗೆ ಪೆಟ್ರೋಲ್ ಚಿಮ್ಮಿಸುವ ಸಾಮಾನ್ಯ ಇಂಜೆಕ್ಷನ್‌ನಲ್ಲಿ 3ರಿಂದ 4 ಬಾರ್. ಹೋಗುವ ಪೈಪೂ ಮರಳುವ ಪೈಪೂ ಒಂದೇ ಗಾತ್ರದ್ದಾಗಿದ್ದರೆ ಅದಲುಬದಲಾಗುವ ಸಂಭವ ಹೆಚ್ಚು, ಆಗ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ರೈಲಿನಲ್ಲಿ ಸರಿಯಾದ ಒತ್ತಡ ನಿಲ್ಲುವುದಿಲ್ಲ. ಇಂಜೆಕ್ಟರಿನ ಓ-ರಿಂಗುಗಳನ್ನು ಒಣಗಿದಂತೆಯೇ ಒತ್ತಿ ಕೂರಿಸಿದರೆ ಹರಿಯುತ್ತವೆ. ಪೆಟ್ರೋಲ್ ವಾಸನೆ ಬಂದರೆ ಸೆಲ್ಫ್ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಹೊಡೆಯುವ ಎಂಜಿನ್ನುಗಳಲ್ಲಿ ಮೇಲಿನ ಪೈಪಿನ ಒತ್ತಡ ಇದರ ಹತ್ತಾರು ಪಟ್ಟು. ಅದನ್ನು ಸಡಿಲಿಸಿ ನೋಡುವ ಹವ್ಯಾಸ ಬೇಡ.

ಡೀಸೆಲ್ ಕಾರಿನ ಕಷ್ಟ ಬಹುಪಾಲು ಒಂದೇ, ಏರ್ ಹಿಡಿದಿರುವುದು. ಫಿಲ್ಟರಿನ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಬ್ಲೀಡ್ ಸ್ಕ್ರೂನಿಂದ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಬಿಡಿ. ಹಳೆಯ ಪಂಪುಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಕೊಟ್ಟು ಏರ್ ತೆಗೆಯಬಹುದು. ಪಂಪಿನ ಮೇಲೆ ಡೀಸೆಲ್ ತೆರೆದು ಮುಚ್ಚುವ ಸ್ಟಾಪ್ ಸೊಲೆನಾಯ್ಡಿನ ಒಂಟಿ ವೈರ್ ಬಿಟ್ಟುಹೋಗಿದ್ದರೆ ಎಷ್ಟು ಏರ್ ತೆಗೆದರೂ ಡೀಸೆಲ್ ಮುಂದಕ್ಕೆ ಹೋಗದು. ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಮಾತ್ರ ನಟ್ ಸಡಿಲಿಸುವ ಕೆಲಸ ಕೂಡದೇ ಕೂಡದು. ಸೆಲ್ಫ್ ತಿರುಗುವಾಗಲೇ ಅಲ್ಲಿ ಒತ್ತಡ ನೂರಾರು ಬಾರ್. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ, ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಅಲ್ಲಿ ರೈಲಿನ ಒತ್ತಡವನ್ನು ಸ್ಕ್ಯಾನರಿನಲ್ಲೇ ಓದಬೇಕು. ಸಾಮಾನ್ಯವಾಗಿ 200 ಬಾರಿನ ಆಸುಪಾಸು ಮುಟ್ಟದೆ ಇಸಿಎಂ ಇಂಜೆಕ್ಟರ್ ತೆರೆಯುವುದಿಲ್ಲ. ಸಿಲಿಂಡರನ್ನು ಮೊದಲೇ ಕಾಯಿಸುವ ಗ್ಲೋ ಪ್ಲಗ್ ಇರುವ ಎಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಕೆಂಡಕ್ಕೆ ಸೀಮೆಎಣ್ಣೆ ಎರಚಿದಂತೆ, ಪಿಸ್ಟನ್ ಒಡೆದರೂ ಆಶ್ಚರ್ಯವಿಲ್ಲ.

ಗಾಳಿಯ ಬಗ್ಗೆ ಎರಡೇ ಮಾತು. ಕೆಲಸದ ವೇಳೆ ಇಂಟೇಕ್ ಬಾಯಿಗೋ ಎಕ್ಸಾಸ್ಟ್ ಪೈಪಿಗೋ ತುರುಕಿದ ಬಟ್ಟೆ ತೆಗೆದಿದ್ದೀರಾ? ಬ್ರೇಕ್ ಬೂಸ್ಟರಿನ ದಪ್ಪ ಹೋಸ್ ಮ್ಯಾನಿಫೋಲ್ಡಿಗೆ ಸೇರಿದೆಯೇ?

ಕಿಡಿ ಇದೆ, ಒತ್ತಡ ಇದೆ, ಆರ್‌ಪಿಎಂ ಇದೆ, ಆದರೂ ಹತ್ತದು ಎಂದಾಗ ಸೆಲ್ಫಿನ ಸದ್ದಿಗೆ ಕಿವಿಗೊಡಿ. ಆರೋಗ್ಯವಂತ ಎಂಜಿನ್ ‘ರ್ರ್-ರ್ರ್-ರ್ರ್’ ಎಂದು ಸಮವಾಗಿ ಉಸಿರು ಕಟ್ಟಿ ಬಿಡುತ್ತಾ ತಿರುಗುತ್ತದೆ. ಕಂಪ್ರೆಷನ್ ಇಲ್ಲದ್ದು ಹೊಲಿಗೆ ಯಂತ್ರದಂತೆ ಸಲೀಸಾಗಿ ಓಡುತ್ತದೆ. ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ನಿಲ್ಲಿಸಿ, ಎಲ್ಲ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆದರೆ ಪೆಟ್ರೋಲ್ ಎಂಜಿನ್ನಿಗೆ 10ರಿಂದ 14 ಬಾರ್, ಡೀಸೆಲ್ಲಿಗೆ 20ರಿಂದ 30 ಬಾರ್ ಬರುವುದು ಸಾಮಾನ್ಯ. ಎಲ್ಲ ಸಿಲಿಂಡರಿನಲ್ಲೂ ಒಂದೇ ಸಮ ಕಮ್ಮಿಯಿದ್ದರೆ ಟೈಮಿಂಗ್ ಬೆಲ್ಟು ಅಥವಾ ಚೈನಿನ ಗುರುತು ಮತ್ತೆ ನೋಡಬೇಕು. ಒಂದು ಹಲ್ಲು ತಪ್ಪಿದರೆ ಸಾಮಾನ್ಯವಾಗಿ ಎಂಜಿನ್ ಹತ್ತುತ್ತದೆ, ಒರಟಾಗಿ ಓಡುತ್ತದೆ. ಹೆಚ್ಚು ತಪ್ಪಿದರೆ ಹತ್ತುವುದು ಕಷ್ಟ. ಹೆಡ್ ಬಿಚ್ಚಿಯೇ ಇಲ್ಲ, ಬೆಲ್ಟ್ ಮುಟ್ಟಿಯೇ ಇಲ್ಲ ಎಂದರೆ ಈ ಪರೀಕ್ಷೆ ಕೊನೆಗೆ ಸಾಕು.

ಹತ್ತಿದಂತೆ ಮಾಡಿ ಒಂದೆರಡು ಸೆಕೆಂಡಿಗೆ ಆರಿಹೋಗುವುದು, ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಗುರುತು ಮಿನುಗುವುದು ಇಮೊಬಿಲೈಸರಿನ (ಪರಿಚಯವಿಲ್ಲದ ಕೀಗೆ ಎಂಜಿನ್ ಓಡದಂತೆ ತಡೆಯುವ ಕಾವಲು) ಲಕ್ಷಣ. ಬೇರೆ ಕಾರಿನ ಇಸಿಎಂ ತಂದು ಹಾಕಿ ‘ಟೆಸ್ಟ್’ ಮಾಡಿದವರಿಗೆ ಇದು ಸಿಗುವ ಬಹುಮಾನ. ಆ ಇಸಿಎಂಗೆ ಈ ಕೀಯ ಪರಿಚಯವಿಲ್ಲ. ಮೂಲ ಇಸಿಎಂ ಮರಳಿ ಹಾಕಿ, ಮೂಲ ಕೀಯನ್ನೇ ಬಳಸಬೇಕು.

ಹುಡುಕಾಟದ ನಡುವೆ ಸೆಲ್ಫನ್ನು ಒತ್ತಿ ಹಿಡಿಯಬಾರದು. 10 ಸೆಕೆಂಡು ತಿರುಗಿಸಿದರೆ ಒಂದು ನಿಮಿಷ ಬಿಡುವು. ಪ್ಲಗ್ ತೊಯ್ದಿದ್ದರೆ ಒಣಗಿಸಿ. ಇಂಜೆಕ್ಷನ್ ಕಾರುಗಳಲ್ಲಿ ಹೆಚ್ಚಿನವು ಆಕ್ಸಿಲರೇಟರ್ ನೆಲಕ್ಕೊತ್ತಿ ಸೆಲ್ಫ್ ಕೊಟ್ಟರೆ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆಯುತ್ತವೆ. ಹತ್ತದ ಎಂಜಿನ್ನಿಗೆ ಗಂಟೆಗಟ್ಟಲೆ ಸೆಲ್ಫ್ ಕೊಟ್ಟಿದ್ದರೆ ಪೆಟ್ರೋಲ್ ಸಿಲಿಂಡರಿನ ಗೋಡೆ ತೊಳೆದು ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಇಳಿದಿರುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಓಡಿಸಬೇಡಿ, ಹೊಸದಾಗಿ ಕಟ್ಟಿದ ಬೇರಿಂಗುಗಳು ಅದರಲ್ಲಿ ಬಾಳುವುದಿಲ್ಲ.

ಗ್ಯಾರೇಜಿನವರಲ್ಲಿ ನಮ್ಮ ಕೇಳಿಕೆ ಸಣ್ಣದು. ಎಂಜಿನ್ ಇಳಿಸುವ ಮೊದಲು ವೈರಿಂಗಿನ ಹತ್ತಿಪ್ಪತ್ತು ಫೋಟೊ ತೆಗೆಯಿರಿ. ಪ್ರತಿ ಕಪ್ಲರಿಗೂ ಅದರ ಜೋಡಿಗೂ ಒಂದೇ ಸಂಖ್ಯೆಯ ಟೇಪ್ ಸುತ್ತಿ. ಅರ್ತ್ ಬೋಲ್ಟುಗಳನ್ನು ಬೇರೆ ಡಬ್ಬಿಯಲ್ಲಿಡಿ, ಕಾರು ಹೊರಡುವ ಹೊತ್ತಿಗೆ ಆ ಡಬ್ಬಿ ಖಾಲಿಯಾಗಿರಬೇಕು. ಬದಲಿಸಿದ ಪ್ರತಿ ಭಾಗದ ಎದುರು, ಅದು ಕೆಟ್ಟಿದೆ ಎಂದು ತೋರಿಸಿದ ಅಳತೆಯನ್ನು ಬಿಲ್ಲಿನಲ್ಲೇ ಬರೆಯಿರಿ. ಕಾರಿನ ಮಾಲೀಕರು ಹಳೆಯ ಸೆನ್ಸರನ್ನು ವಾಪಸ್ ಕೇಳಿ ಪಡೆಯುವುದರ ಜೊತೆಗೆ, ಎಷ್ಟು ವೋಲ್ಟ್ ಬಂತು, ಎಷ್ಟು ಬರಬೇಕಿತ್ತು ಎಂದೂ ಕೇಳಲಿ. ಅಳೆದವರ ಬಳಿ ಎರಡೂ ಸಂಖ್ಯೆ ಇರುತ್ತವೆ.

— ಗ್ಯಾರೇಜ್ ಕೆಲಸ ಬಲ್ಲ ಓದುಗರು